ಮಾತಿನ ತುದಿಯಲ್ಲಿರುವ ಮನಸ್ಸು

ಕತೆ ಬರೆಯುವವರು ವ್ಯಾಕರಣದ ಬಗ್ಗೆ ಬರೆಯತೊಡಗಿದರೆ ಓದುಗರಿಗೆ ಅನುಮಾನ ಬರುವುದು ಸಹಜ. ಹೊಸ ಕತೆ ಹೊಳೆಯದಿದ್ದಾಗ ಲೇಖಕರು ಭಾಷೆಯ ಕುರಿತು ಮಾತಾಡುತ್ತಾರೆ ಎಂದು ನಾವೇ ಇತರರನ್ನು ಗೇಲಿ ಮಾಡಿದ್ದೇವೆ. ಆದರೂ ಈ ಸಲ ವ್ಯಾಕರಣದ ಒಂದು ಸಣ್ಣ ಸಂಗತಿಯನ್ನೇ ಎತ್ತಿಕೊಳ್ಳುತ್ತಿದ್ದೇವೆ. ವಾಕ್ಯದ ಕೊನೆಯ ಒಂದೆರಡು ಅಕ್ಷರ ಬಿಟ್ಟು ಮಾತಾಡಿದರೆ ಏನಾಗುತ್ತದೆ ಎಂಬುದು ಪಂಡಿತರ ಚರ್ಚೆಯಾಗಿ ಮಾತ್ರ ಉಳಿದಿಲ್ಲ. ಅದರಿಂದ ಜನ ಊರು ಬಿಟ್ಟಿದ್ದಾರೆ, ಜೀವ ಕಳೆದುಕೊಂಡಿದ್ದಾರೆ. ಅಲ್ಲಿಗೆ ಬರಲು ಸ್ವಲ್ಪ ದೂರದಿಂದ ಆರಂಭಿಸಬೇಕಾಗಿದೆ.

ಲೋಜ್‌ಬಾನ್ ಎಂಬುದೊಂದು ಭಾಷೆ. ಉರ್ದು ಬಲ್ಲವರ ಕಿವಿಗೆ ಅದರಲ್ಲಿ ‘ಜಬಾನ್’ ಕೇಳಿಸಬಹುದು; ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ತರ್ಕ ಮತ್ತು ಭಾಷೆ ಎಂಬರ್ಥದ ಆ ಭಾಷೆಯದೇ ಎರಡು ಶಬ್ದ ಕೂಡಿ ಆದ ಹೆಸರು ಅದು. ಯಾವ ಊರಿನ ತಾಯಂದಿರೂ ಅದನ್ನು ಮಕ್ಕಳಿಗೆ ಕಲಿಸಿದ್ದಲ್ಲ, ಅದು ಕುಳಿತು ಕಟ್ಟಿದ ಭಾಷೆ. 1955ರಲ್ಲಿ ಅಮೆರಿಕದ ಜೇಮ್ಸ್ ಕುಕ್ ಬ್ರೌನ್ ಎಂಬ ವಿದ್ವಾಂಸರು ಲಾಗ್ಲಾನ್ ಎಂಬ ಭಾಷೆಯ ಕೆಲಸ ಶುರು ಮಾಡಿದರು. ನಾವಾಡುವ ಭಾಷೆ ನಮ್ಮ ವಿಚಾರವನ್ನು ತಿದ್ದುತ್ತದೆಯೇ ಎಂದು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. ಮುಂದೆ ಆ ಭಾಷೆಯ ಒಡೆತನದ ಬಗ್ಗೆಯೇ ಜಗಳ ಹುಟ್ಟಿತು. ಭಾಷೆ ಯಾರ ಸ್ವತ್ತೂ ಅಲ್ಲವೆಂದು ಬೇರೆಯಾದವರು 1987ರಲ್ಲಿ ಲೋಜ್‌ಬಾನ್ ಆರಂಭಿಸಿದರು. 1997ರಲ್ಲಿ ಜಾನ್ ಕೋವನ್ ಅದರ ಸಮಗ್ರ ವ್ಯಾಕರಣ ಬರೆದರು. ಅದರ ಮೂಲ ಶಬ್ದಗಳನ್ನು ಚೀನಿ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್ ಮತ್ತು ಅರಬ್ಬಿ ಭಾಷೆಗಳ ಶಬ್ದಗಳನ್ನು ಬೆರೆಸಿ ರೂಪಿಸಲಾಗಿದೆ. ಒಂದು ವಾಕ್ಯಕ್ಕೆ ಒಂದೇ ರಚನೆ, ಎರಡನೆಯ ಬಿಡಿಸುವಿಕೆಗೆ ಎಡೆಯಿಲ್ಲ ಎಂಬುದು ಅದರ ಹಟ.

ಇಂಥ ತರ್ಕದ ಭಾಷೆಯಲ್ಲಿ ಭಾವನೆಗೆ ಜಾಗ ಇರಲಾರದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅದು ಭಾವನೆಗಳಿಗೆಂದೇ 39 ಮೂಲ ಶಬ್ದಗಳನ್ನು ಬೇರೆ ಎತ್ತಿಟ್ಟಿದೆ. ‘ವೀ’ ಎಂದರೆ ಸಂತೋಷ, ‘ಒಯ್’ ಎಂದರೆ ನೋವು, ‘ಅಹೊ’ ಎಂದರೆ ಆಸೆ, ‘ಯೀ’ ಎಂದರೆ ಅಂಜಿಕೆ, ‘ಯೂ’ ಎಂದರೆ ಪ್ರೀತಿ. ಅದರ ಮುಂದೆ ‘ಶೈ’ ಸೇರಿಸಿದರೆ ಆ ಭಾವ ಉತ್ಕಟ, ‘ರುಹೆ’ ಸೇರಿಸಿದರೆ ಅಲ್ಪ, ‘ನೈ’ ಸೇರಿಸಿದರೆ ಅದರ ವಿರುದ್ಧ. ಈ ‘ನೈ’ ನಮ್ಮ ಓಣಿಯ ಮಗುವಿಗೂ ತಿಳಿಯುವ ಶಬ್ದ, ಆಕಸ್ಮಿಕವೇ ಇರಬಹುದು. ನೋವು ಮೈಯದೋ ಮನಸ್ಸಿನದೋ ಎಂದು ತಿಳಿಸಲು ಬೇರೆ ಶಬ್ದಗಳಿವೆ. ಇನ್ನೊಬ್ಬರ ನೋವನ್ನು ನಾವು ಅವರ ಪರವಾಗಿ ನುಡಿಯುತ್ತಿದ್ದರೆ ‘ದೈ’ ಎಂದು ಸೇರಿಸಬೇಕು. ಇವುಗಳಿಂದ ವಾಕ್ಯದ ರಚನೆ ಕೆಡುವುದಿಲ್ಲ. ಯಾವ ಪದದ ಬೆನ್ನಿಗೆ ಹಚ್ಚುತ್ತೇವೋ ಆ ಪದಕ್ಕೆ ಭಾವ ಅಂಟುತ್ತದೆ, ಆರಂಭದಲ್ಲಿಟ್ಟರೆ ಇಡೀ ವಾಕ್ಯಕ್ಕೆ.

ಇನ್ನೊಂದು ಗುಂಪಿನ ಶಬ್ದಗಳು ಇವುಗಳಿಗಿಂತ ಕುತೂಹಲದವು. ತಾನು ಹೇಳುತ್ತಿರುವುದು ತನಗೆ ಗೊತ್ತಾದದ್ದು ಹೇಗೆ ಎಂದು ಮಾತಾಡುವವನು ಅವುಗಳ ಮೂಲಕ ತಿಳಿಸುತ್ತಾನೆ. ಕಣ್ಣಾರೆ ಕಂಡಿದ್ದರೆ ‘ಜಹ’, ಕಿವಿಯಿಂದ ಕೇಳಿದ್ದರೆ ‘ತಿಹೆ’, ತನ್ನ ಅಭಿಪ್ರಾಯವಾಗಿದ್ದರೆ ‘ಪೆಹಿ’. ಈ ಕಲ್ಪನೆಯನ್ನು ಅವರು ಅಮೆರಿಕದ ಮೂಲನಿವಾಸಿಗಳ ಭಾಷೆಗಳಿಂದಲೂ ಲಾಡನ್ ಎಂಬ ಇನ್ನೊಂದು ಕಟ್ಟಿದ ಭಾಷೆಯಿಂದಲೂ ಪಡೆದರು. ಲಾಡನ್ ಅನ್ನು 1982ರಲ್ಲಿ ರೂಪಿಸಿದವರು ಸುಜೆಟ್ ಹೇಡನ್ ಎಲ್ಜಿನ್ ಎಂಬ ಭಾಷಾವಿಜ್ಞಾನಿ, ಕಾದಂಬರಿಗಾರ್ತಿ. ಹೆಂಗಸರ ಅನುಭವವನ್ನು ಹೇಳಲು ಇರುವ ಭಾಷೆಗಳು ಸಾಲವು ಎಂಬುದು ಅವರ ವಾದವಾಗಿತ್ತು.

ಇದೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯವರಿಗೆ ಯಾಕೆ ಬೇಕು? ಅಲ್ಲಿ ಕುಳಿತು ಕಟ್ಟಿದ್ದು ನಮ್ಮಲ್ಲಿ ನಿಂತಲ್ಲಿ ನಡೆದಲ್ಲಿ ಬಳಕೆಯಲ್ಲಿದೆ. ಬಳಕೆಯಲ್ಲಿದೆ ಎಂದೇ ನಮಗದು ಕಾಣುತ್ತಿಲ್ಲ. ಅದಕ್ಕಾಗಿ ಈ ಮಾತು.

ನಾವು ಶಾಲೆಯಲ್ಲಿ ಎರಡು ವ್ಯಾಕರಣ ಓದಿದೆವು. ಉರ್ದು ವ್ಯಾಕರಣದಲ್ಲಿ ಭಾವನೆಯ ಶಬ್ದಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದರು. ದುಃಖಕ್ಕೆ ‘ಹುರೂಫೆ ತಅಸ್ಸುಫ್’, ಸಂತೋಷಕ್ಕೆ ‘ಹುರೂಫೆ ಇಂಬಿಸಾತ್’, ತಿರಸ್ಕಾರಕ್ಕೆ ‘ಹುರೂಫೆ ನಫ್ರೀನ್’. ಹಾಯ್, ವಾಹ್, ಛೀ ಇವೆಲ್ಲ ತಮ್ಮ ತಮ್ಮ ಕಪಾಟಿನಲ್ಲಿ ಕುಳಿತಿದ್ದವು. ಕನ್ನಡ ವ್ಯಾಕರಣದಲ್ಲಿ ಅಯ್ಯೋ, ಅಬ್ಬಾ, ಭಲೇ, ಥೂ ಎಲ್ಲವನ್ನೂ ‘ಭಾವಸೂಚಕ ಅವ್ಯಯ’ ಎಂಬ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದರು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣಕ್ಕೂ ಅವ್ಯಯದ್ದು ಕೊನೆಯ ಪ್ರಕರಣವೇ. ಆಗ ನಮಗೆ ಉರ್ದುವಿನಲ್ಲಿ ಭಾವನೆ ಹೆಚ್ಚು, ಕನ್ನಡದಲ್ಲಿ ಕಡಿಮೆ ಎನ್ನಿಸಿತ್ತು. ಅದು ತಪ್ಪು ತಿಳಿವಳಿಕೆ ಎಂದು ಗೊತ್ತಾಗಲು ಕತೆ ಬರೆದು ಕೆಡಿಸಬೇಕಾಯಿತು.

ಕನ್ನಡದ ಭಾವನೆ ಅವ್ಯಯದಲ್ಲಿ ಇರುವುದಕ್ಕಿಂತ ಕ್ರಿಯಾಪದದ ಬಾಲದಲ್ಲಿ ಹೆಚ್ಚು ಇದೆ. ‘ಮಳಿ ಬಂದೀತು’ ಎಂಬ ನಮ್ಮ ಕಡೆಯ ಮಾತನ್ನು ನೋಡಿ. ವ್ಯಾಕರಣ ಇದನ್ನು ಸಂಭಾವನಾರ್ಥಕ ಎನ್ನುತ್ತದೆ, ಬರುವ ಸಂಭವವಿದೆ ಎಂದರ್ಥ. ಆದರೆ ಹಿಂಗಾರಿ ಜೋಳ ಬಿತ್ತಲು ಹದ ಕಾಯುವ ರೈತ ಮುಗಿಲು ನೋಡಿ ‘ಮಳಿ ಬಂದೀತು’ ಎಂದರೆ ಅದು ಆಸೆ. ಅದೇ ರೈತ ರಾಶಿಯ ಕಾಲಕ್ಕೆ ಕಣದಲ್ಲಿ ನಿಂತು ‘ಮಳಿ ಬಂದೀತು’ ಎಂದರೆ ಅದು ಅಂಜಿಕೆ. ಲೋಜ್‌ಬಾನ್ ಮಾತಾಡುವವನು ಭಾವ ತಿಳಿಸಬೇಕೆಂದರೆ ‘ಅಹೊ’, ‘ಯೀ’ ಎರಡರಲ್ಲಿ ಒಂದನ್ನು ಆರಿಸಬೇಕು. ನಮ್ಮ ರೈತ ಆರಿಸುವುದಿಲ್ಲ. ಕೇಳುವವನಿಗೆ ಕಣ ಗೊತ್ತು, ಕಾಲ ಗೊತ್ತು. ಉಳಿದದ್ದು ಅವನಿಗೆ ತಾನೇ ತಿಳಿಯುತ್ತದೆ. ಓಡುವ ಮಗುವಿಗೆ ತಾಯಿ ‘ಬಿದ್ದೀ ಮಗನ’ ಎನ್ನುತ್ತಾಳೆ. ‘ನೀನು ಬೀಳುವ ಸಾಧ್ಯತೆ ಇದೆ’ ಎಂದು ಅದನ್ನು ಬಿಡಿಸಿ ಬರೆದರೆ ಅರ್ಥ ಉಳಿಯುತ್ತದೆ, ತಾಯಿ ಉಳಿಯುವುದಿಲ್ಲ.

ಇನ್ನೊಂದು ಉದಾಹರಣೆ. ‘ಸಾಲ ಮಾಡ್ಯಾನ’ ಎಂದರೆ ಸುದ್ದಿ. ‘ಸಾಲ ಮಾಡಿ ಕುಂತಾನ’ ಎಂದರೆ ಸುದ್ದಿಯ ಜೊತೆಗೆ ಸಿಟ್ಟು, ಮರುಕ, ಹೇಳಿದರೂ ಕೇಳಲಿಲ್ಲ ಎಂಬ ಆಕ್ಷೇಪ. ಅವನು ಎಲ್ಲಿಯೂ ಕುಳಿತಿಲ್ಲ, ಓಡಾಡುತ್ತಲೇ ಇದ್ದಾನೆ. ಉರ್ದುವಿನ ‘ಕರ್ ಬೈಠಾ’ ಕೂಡ ಹೀಗೆಯೇ. ಮಾಡಬಾರದ್ದನ್ನು ದುಡುಕಿ ಮಾಡಿದವನ ಬಗ್ಗೆ ಅಲ್ಲಿಯೂ ‘ಕುಳಿತ’ ಎಂಬ ಕ್ರಿಯಾಪದವೇ ಬರುತ್ತದೆ. ‘ನನಗ ಸಿಟ್ಟ ಬಂತು’ ಎಂದು ಕನ್ನಡದಲ್ಲಿ, ‘ಮೇರೇಕು ಗುಸ್ಸಾ ಆಯಾ’ ಎಂದು ಮನೆಯ ದಖನಿಯಲ್ಲಿ. ಎರಡರಲ್ಲೂ ಸಿಟ್ಟು ಹೊರಗಿನಿಂದ ಬರುವ ಬೀಗ, ನಾವು ಬಾಗಿಲಲ್ಲಿ ನಿಂತವರು. ಇವು ಬಿಡಿ ಹೋಲಿಕೆಗಳಲ್ಲ. ನಮ್ಮ ಜಿಲ್ಲೆಗೆ ತಾಗಿದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಜಾನ್ ಗುಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ನಡೆಸಿದ ಅಧ್ಯಯನ 1971ರಲ್ಲಿ ಪ್ರಕಟವಾಯಿತು. ಅಲ್ಲಿ ಜೈನರು, ಲಿಂಗಾಯತರು ಕನ್ನಡವನ್ನೂ ಮುಸ್ಲಿಮರು ಉರ್ದುವನ್ನೂ ಉಳಿಸಿಕೊಂಡಿದ್ದರು. ಆದರೆ ಶತಮಾನಗಳ ಒಡನಾಟದಲ್ಲಿ ಕನ್ನಡ, ಮರಾಠಿ, ಉರ್ದು ಮೂರರ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ ಒಂದರ ಶಬ್ದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಶಬ್ದ ಇಡಬಹುದಿತ್ತು. ಶಬ್ದ ಬೇರೆ, ಅಚ್ಚು ಒಂದೇ.

ಶಬ್ದ ಒಂದೇ ಇದ್ದು ಭಾವ ಬೇರೆಯಾಗುವುದೂ ಉಂಟು. ನಮ್ಮ ಕಡೆ ‘ಯಾಕ ಬೇ ಯವ್ವಾ, ಉಂಡಿಲ್ಲೇನ?’ ಎಂದು ಕೇಳುವಾಗ ಆ ‘ಬೇ’ ಅಕ್ಕರೆಯದು, ಹಿರಿಯ ಹೆಂಗಸರಿಗೆ ಸಲ್ಲುವಂಥದು. ಉರ್ದು ಶಾಲೆಯ ಅಂಗಳದಲ್ಲಿ ‘ಕ್ಯಾ ಬೇ’ ಎಂದರೆ ಹೊಡೆದಾಟ. ಎರಡೂ ‘ಬೇ’ಗಳನ್ನು ಒಂದೇ ದಿನ ಒಂದೇ ಬಾಯಲ್ಲಿ ಆಡಿ, ಎಲ್ಲಿಯೂ ತಪ್ಪದೆ ಬೆಳೆದವರು ನಾವು.

ಕರೆಯುವುದರಲ್ಲಿಯೇ ಭಾವ ಇಡುವ ಈ ರೂಢಿ ಹಳೆಯದು. ಆಗಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಬೀಸುವ ಕಲ್ಲಿನ ಮುಂದೆ ಹೆಂಗಸರು ಕಟ್ಟಿದ ಆ ತ್ರಿಪದಿಗಳಲ್ಲಿ ತಾಯಿಯನ್ನು, ಅಣ್ಣನನ್ನು, ಕೂಸನ್ನು, ಕಲ್ಲನ್ನು ಕರೆಯುವ ದನಿಯಲ್ಲಿಯೇ ದುಃಖ ಸುಖ ಎರಡೂ ಅಡಗಿವೆ. ಬಿಜಾಪುರದ ಸೂಫಿಗಳ ಕುರಿತು 1978ರಲ್ಲಿ ಗ್ರಂಥ ಬರೆದ ರಿಚರ್ಡ್ ಈಟನ್, ಇದೇ ನೆಲದ ದಖನಿ ‘ಚಕ್ಕಿನಾಮಾ’ಗಳನ್ನು ವಿವರಿಸಿದ್ದಾರೆ. ಅವೂ ಬೀಸುವ ಕಲ್ಲಿನ ಹಾಡುಗಳೇ. ಕನ್ನಡದ ಕಲ್ಲು, ದಖನಿಯ ಕಲ್ಲು ಎಂದು ಎರಡು ಇರಲಿಲ್ಲ.

ಇಷ್ಟು ಆಸ್ತಿ ಇರುವವರು ಕತೆ ಬರೆಯುವಾಗ ಮಾಡಿದ್ದೇನು? ನಮ್ಮದೇ ಮೊದಲ ಕತೆಗಳಲ್ಲಿ ಒಂದರಲ್ಲಿ ಸಿಂದಗಿ ಕಡೆಯ ಹಳ್ಳಿಯ ತಾಯಿಯೊಬ್ಬಳಿದ್ದಳು. ಬಾವಿಯ ದಂಡೆಯಲ್ಲಿ ನಿಂತ ಮಗನನ್ನು ಕಂಡು ಆಕೆ ‘ತೀವ್ರ ಆತಂಕದಿಂದ, ನೀನು ಬೀಳಬಹುದು ಎಂದಳು’ ಎಂದು ಬರೆದಿದ್ದೆವು. ಅದನ್ನು ನಮ್ಮ ತಾಯಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಯೆ ಕೋನ್ ರೇ, ಟೀಚರ್ ಹೈ ಕ್ಯಾ?’ ಯಾವ ವಿಮರ್ಶಕರೂ ಆಮೇಲೆ ಅಷ್ಟು ಸರಿಯಾಗಿ ನಮ್ಮನ್ನು ಹಿಡಿದಿಲ್ಲ. ಕ್ರಿಯಾಪದದಿಂದ ಭಾವನೆಯನ್ನು ಕಿತ್ತು, ‘ಆತಂಕದಿಂದ’ ಎಂಬ ಚೀಟಿ ಬರೆದು ಹೊರಗೆ ಅಂಟಿಸಿದ್ದೆವು. ‘ನನಗೆ ದುಃಖವಾಗಿದೆ’ ಎಂಬ ಹೇಳಿಕೆಗೆ ‘ಸುಳ್ಳು’ ಎಂದು ಎದುರಾಡಬಹುದು. ‘ಅಯ್ಯೋ’ ಎಂಬುದಕ್ಕೆ ಹಾಗೆ ಎದುರಾಡಲು ಬರುವುದಿಲ್ಲ. ಲೋಜ್‌ಬಾನ್ ಕಟ್ಟಿದವರಿಗೂ ಈ ವ್ಯತ್ಯಾಸ ಗೊತ್ತಿತ್ತು. ಭಾವನೆಯನ್ನು ವರದಿ ಮಾಡುವುದು ಬೇರೆ, ನುಡಿಯುವುದು ಬೇರೆ ಎಂದು ಅವರು ಎರಡಕ್ಕೂ ಬೇರೆ ಬೇರೆ ದಾರಿ ಮಾಡಿದರು. ನಮ್ಮ ಎಷ್ಟೋ ಕತೆಗಳು ಇನ್ನೂ ವರದಿಯಲ್ಲಿಯೇ ಇವೆ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಕೆಟ್ಟದ್ದು. ಸಿನಿಮಾ ಮತ್ತು ನಾಟಕಗಳ ಮುಸ್ಲಿಂ ಪಾತ್ರ ಬಾಯಿ ತೆರೆದರೆ ‘ಯಾ ಅಲ್ಲಾ’, ‘ತೋಬಾ ತೋಬಾ’, ‘ಅರೇ ಭಾಯಿ’. ಉಳಿದ ಕನ್ನಡವನ್ನು ಬೇಕೆಂದೇ ಮುರಿದಿರುತ್ತಾರೆ. ನಮ್ಮ ಸಮುದಾಯದ ಲೇಖಕರೂ ಕೆಲವೊಮ್ಮೆ ಈ ಉದ್ಗಾರಗಳನ್ನು ಗುರುತಿನ ಬಿಲ್ಲೆಯಂತೆ ಬಳಸುತ್ತೇವೆ. ಬಾಗೇವಾಡಿ ಸಂತೆಯಲ್ಲಿ ಬಳೆ ಮಾರುವ ಮುಸ್ಲಿಂ ಹೆಂಗಸು ಮತ್ತು ಆಕೆಯ ಪಕ್ಕದಲ್ಲಿ ಕಾಯಿಪಲ್ಲೆ ಇಟ್ಟುಕೊಂಡು ಕುಳಿತ ಲಿಂಗಾಯತ ಹೆಂಗಸು ಇಬ್ಬರೂ ‘ಮಳಿ ಬಂದೀತು’ ಎಂದೇ ಅಂಜುತ್ತಾರೆ. ಆಕೆಯ ಮುಸ್ಲಿಂತನ ‘ತೋಬಾ’ದಲ್ಲಿ ಮಾತ್ರ ಇದೆ ಎಂದು ಬರೆದರೆ, ಇಬ್ಬರೂ ಕೂಡಿ ಬಾಳಿದ ಆ ‘ಬಂದೀತು’ ಕಾಣದೇ ಹೋಗುತ್ತದೆ.

ಮನೆಯಲ್ಲೊಂದು ಭಾಷೆ, ಬರವಣಿಗೆಗೆ ಕನ್ನಡ ಎಂಬ ಸ್ಥಿತಿಯಲ್ಲಿ ಬರೆದವರು ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಬಾನು ಮುಷ್ತಾಕ್. ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಕಿ ದೀಪಾ ಭಾಸ್ತಿ ಕನ್ನಡ, ಉರ್ದು, ಅರಬ್ಬಿ ಶಬ್ದಗಳನ್ನು ಓರೆ ಅಕ್ಷರಗಳಲ್ಲಿ ಬೇರೆಯಾಗಿ ತೋರಿಸದೆ, ಅಡಿಟಿಪ್ಪಣಿಯನ್ನೂ ಕೊಡದೆ ಹಾಗೇ ಉಳಿಸಿಕೊಂಡರು. ನಮಗೆ ಅದು ಇಷ್ಟವಾಯಿತು. ಆದರೆ ಶಬ್ದವನ್ನು ಹೀಗೆ ಉಳಿಸಿಕೊಳ್ಳಬಹುದು, ಪ್ರತ್ಯಯವನ್ನು ಉಳಿಸಿಕೊಳ್ಳಲು ಬರುವುದಿಲ್ಲ. ‘ದುವಾ’ ಇಂಗ್ಲಿಷಿಗೆ ಹೋಗಬಲ್ಲದು, ‘ಬಂದೀತು’ವಿನ ‘ಈತು’ ಹೋಗಲಾರದು. ಅದು ಅನುವಾದಕರ ಸೋಲಲ್ಲ. ಹೊರಗೆ ಹೋಗಲಾರದ್ದನ್ನು ಮೂಲದಲ್ಲಿಯಾದರೂ ಬರೆದಿಡುವ ಹೊಣೆ ಕನ್ನಡದಲ್ಲಿ ಬರೆಯುವವರದು.

ಈಗ ಮೊದಲು ಹೇಳಿದ ಆ ಪ್ರತ್ಯಯಕ್ಕೆ ಬರೋಣ. ಲೋಜ್‌ಬಾನಿನ ‘ತಿಹೆ’ ಕನ್ನಡದ ‘ಅಂತೆ’. ನಮ್ಮ ಕಡೆ ಅದು ‘ಅಂತ’: ‘ಹೋಗ್ಯಾನಂತ’, ‘ಕದ್ದಾನಂತ’. ದಖನಿಯಲ್ಲಿ ಅದನ್ನೇ ‘ಕತೆ’ ಎನ್ನುತ್ತೇವೆ: ‘ಆಯಾ ಕತೆ’, ಅಂದರೆ ಬಂದನಂತೆ. ಕನ್ನಡದಲ್ಲಿ ‘ಕತೆ’ ಎಂದರೆ ನಾವು ಬರೆಯುವಂಥದು, ದಖನಿಯಲ್ಲಿ ‘ಕತೆ’ ಎಂದರೆ ನಾನು ನೋಡಿಲ್ಲ, ಕೇಳಿದ್ದೇನೆ ಎಂಬ ಒಪ್ಪಿಗೆ. ಕತೆಗಾರರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಸಿಗಲಾರದು.

ಕೇಳಿದ್ದನ್ನು ಕಂಡಂತೆ ಹೇಳಬಾರದು ಎಂಬುದು ನಮ್ಮ ಧಾರ್ಮಿಕ ವಿದ್ಯೆಯ ಅಡಿಪಾಯ ಕೂಡ. ಹದೀಸ್ ಶಾಸ್ತ್ರದಲ್ಲಿ ಮಾತಿಗಿಂತ ಮೊದಲು ‘ಇಸ್ನಾದ್’ ಬರುತ್ತದೆ, ಯಾರಿಂದ ಯಾರು ಕೇಳಿದರು ಎಂಬ ಸರಪಳಿ. ‘ನಾನು ಕೇಳಿದೆ’ ಎಂಬುದಕ್ಕೂ ‘ಇಂಥವರಿಂದ’ ಎಂದಷ್ಟೇ ಹೇಳುವುದಕ್ಕೂ ವಿದ್ವಾಂಸರು ವ್ಯತ್ಯಾಸ ಮಾಡಿದರು. ಒಂದು ಕೊಂಡಿ ಸಡಿಲವಾದರೆ ಮಾತು ಎಷ್ಟೇ ಚಂದವಿದ್ದರೂ ‘ಜಯೀಫ್’, ಅಂದರೆ ದುರ್ಬಲ. ನಂಬಲಾಗದವನು ತಂದ ಸುದ್ದಿಯನ್ನು ಪರಿಶೀಲಿಸಿ, ಇಲ್ಲದಿದ್ದರೆ ತಿಳಿಯದೆ ಜನರಿಗೆ ಕೇಡು ಮಾಡಿ ಮರುಗುವಿರಿ ಎಂಬ ಆಶಯದ ಸೂಚನೆ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿದೆ. ಹೀಗೆ ಹೇಳಿಕೆಯ ಮೇಲೆ ಬಂದ ವೃತ್ತಾಂತಕ್ಕೆ ‘ರಿವಾಯತ್’ ಎಂದು ಹೆಸರು. ನಮ್ಮ ಹಳ್ಳಿಗಳಲ್ಲಿ ಮೊಹರಂ ಸಮಯದಲ್ಲಿ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಹಾಡುವ ಕರ್ಬಲಾದ ಕನ್ನಡ ಹಾಡುಗಳಿಗೂ ‘ರಿವಾಯತ್ ಪದ’ ಎಂದೇ ಹೆಸರು. ಕರ್ಬಲಾವನ್ನು ಕಣ್ಣಿನಿಂದ ಕಾಣದವರು, ತಾವು ಕಂಡಿಲ್ಲ ಎಂದು ಹಾಡಿನ ಹೆಸರಿನಲ್ಲಿಯೇ ಒಪ್ಪಿಕೊಂಡು ಅಳುತ್ತಾರೆ.

ಈ ಒಪ್ಪಿಗೆ ಕಾಣೆಯಾದಾಗ ಏನಾಗುತ್ತದೆ? 2012ರ ಆಗಸ್ಟ್‌ನಲ್ಲಿ, ರಂಜಾನ್ ಮುಗಿದ ಮೇಲೆ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಸುದ್ದಿ ಬೆಂಗಳೂರಿನಲ್ಲಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿತು. ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಒಂದು ಸುಳ್ಳು ಮಾತಿನಿಂದ ಎರಡು ಸಮುದಾಯಗಳಿಗೆ ಪೆಟ್ಟಾಯಿತು, ಓಡಿದವರಿಗೆ ಒಂದು ಬಗೆಯಲ್ಲಿ, ಹೆಸರು ಕೆಟ್ಟವರಿಗೆ ಇನ್ನೊಂದು ಬಗೆಯಲ್ಲಿ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ‘ಬಂದಾರಂತ’ ಎಂದಿದ್ದರೆ ಕೇಳಿದವರು ‘ಯಾರಂದ್ರು?’ ಎನ್ನಬಹುದಿತ್ತು. ‘ಬಂದಾರ’ ಎಂದ ಮೇಲೆ ಕೇಳಲು ಏನೂ ಉಳಿಯುವುದಿಲ್ಲ. ಅದೇ ತಿಂಗಳು ವಾಟ್ಸಾಪ್, ಒಬ್ಬರಿಂದ ಬಂದು ಇನ್ನೊಬ್ಬರಿಗೆ ಹೋಗುವ ಸಂದೇಶದ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತು ಹಾಕಲು ಶುರು ಮಾಡಿತು. ಮನುಷ್ಯರು ಬಿಟ್ಟುಬಿಟ್ಟ ‘ಅಂತೆ’ಯನ್ನು ಯಂತ್ರ ಮರಳಿ ಅಂಟಿಸಬೇಕಾಯಿತು.

ಪತ್ರಿಕೆಗಳ ಕನ್ನಡವೂ ಇಲ್ಲಿ ನಿರ್ದೋಷಿಯಲ್ಲ. ವರದಿಯ ಒಳಗೆ ‘ಎನ್ನಲಾಗಿದೆ’ ಇರುತ್ತದೆ, ತಲೆಬರಹದಲ್ಲಿ ಅದು ಬಿದ್ದುಹೋಗುತ್ತದೆ. ತಲೆಬರಹವನ್ನಷ್ಟೇ ಓದುವವರೇ ಹೆಚ್ಚು. ಅಲ್ಲದೆ ‘ಎನ್ನಲಾಗಿದೆ’ಗೆ ಮುಖವಿಲ್ಲ. ಯಾರು ಅಂದರು, ಯಾರು ಕೇಳಿಸಿಕೊಂಡರು, ಅದರಿಂದ ತಿಳಿಯುವುದಿಲ್ಲ. ಹಳ್ಳಿಯ ‘ಅಂತ’ದ ಹಿಂದೆ ಹೇಳುವವನೊಬ್ಬ ನಿಂತಿರುತ್ತಾನೆ. ಅವನನ್ನು ತಡೆದು ಕೇಳಲು ಬರುತ್ತದೆ.

‘ಅಂತೆ’ ಪೂರ್ತಿ ಸಾಚಾ ಎಂದು ನಾವು ವಾದಿಸುತ್ತಿಲ್ಲ. ಅಂತೆ ಕಂತೆಗಳ ಸಂತೆ ಎಂದು ಕನ್ನಡದವರೇ ಹಳಿದಿದ್ದಾರೆ. ‘ಆಕೆ ಹಾಗಂತೆ’ ಎಂಬ ಒಂದು ಮಾತಿನಿಂದ ಹುಡುಗಿಯೊಬ್ಬಳ ಮದುವೆ ಮುರಿದದ್ದನ್ನು ನಾವೂ ಕಂಡಿದ್ದೇವೆ. ಹೇಳಿದವರನ್ನು ಕೇಳಿದರೆ ‘ನಾ ಏನ ಅಂದೆ, ಮಂದಿ ಅಂತಾರ’ ಎಂದು ಜಾರಿಕೊಂಡರು. ವ್ಯಾಕರಣ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ. ‘ತಿಹೆ’ ಹಚ್ಚಿಯೂ ಚಾಡಿ ಹೇಳಬಹುದು, ‘ದೈ’ ಹಚ್ಚಿಯೂ ಹುಸಿ ಮರುಕ ತೋರಿಸಬಹುದು. ಇದು ಲೋಜ್‌ಬಾನಿನ ಮಿತಿಯೂ ಹೌದು, ನಮ್ಮ ಭಾಷೆಗಳ ಮಿತಿಯೂ ಹೌದು. ಆದರೆ ‘ಅಂತೆ’ ಇರುವ ಚಾಡಿಗೆ ಎದುರು ಪ್ರಶ್ನೆ ಹಾಕಬಹುದು. ‘ಅಂತೆ’ ಕಳಚಿದ ಚಾಡಿ ಸಾಕ್ಷಿಯ ವೇಷದಲ್ಲಿ ಬರುತ್ತದೆ. ಅಷ್ಟರ ಮಟ್ಟಿಗೆ ಆ ಎರಡಕ್ಷರ ಒಂದು ಬಾಗಿಲನ್ನು ತೆರೆದಿಟ್ಟಿರುತ್ತದೆ.

ಹೊಸದಾಗಿ ಕತೆ ಬರೆಯುವ ನಮ್ಮ ಕಡೆಯ ಹುಡುಗ ಹುಡುಗಿಯರು ಏನು ಓದಬೇಕು ಎಂದು ಕೇಳುತ್ತಾರೆ. ಓದಿ, ಆದರೆ ಅದಕ್ಕಿಂತ ಮೊದಲು ಸಿಂದಗಿಯ ಬಸ್ ನಿಲ್ದಾಣದಲ್ಲಿ ಒಂದು ತಾಸು ಕುಳಿತು ಮಾತಿನ ಕೊನೆಯನ್ನು ಕೇಳಿ. ಕೊನೆಯ ಅಕ್ಷರ ಕಳಚಿದರೆ ಕತೆಯಲ್ಲಿ ತಾಯಿ ಮೇಷ್ಟರಾಗುತ್ತಾಳೆ, ಊರಿನಲ್ಲಿ ಗಾಳಿಮಾತು ಸಾಕ್ಷಿಯಾಗುತ್ತದೆ. ನಮ್ಮ ತಾಯಿಗೆ ಓದಲು ಬರುತ್ತಿರಲಿಲ್ಲ. ಓಣಿಯ ಯಾರಾದರೂ ಓಡಿ ಬಂದು, ಅಲ್ಲಿ ಹೀಗಾಯಿತು, ಇವರು ಹೀಗೆ ಮಾಡಿದರು ಎಂದರೆ ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿರಲಿಲ್ಲ. ಬಂದವರು ಹಿಂದೂವಾಗಿದ್ದರೆ ಕನ್ನಡದಲ್ಲಿ, ಮುಸ್ಲಿಮರಾಗಿದ್ದರೆ ದಖನಿಯಲ್ಲಿ ಒಂದೇ ಮಾತು ಕೇಳುತ್ತಿದ್ದರು: ‘ನೀ ನೋಡಿದೇನ?’ ಬಂದವರು ಸ್ವಲ್ಪ ತಡೆದು, ‘ಇಲ್ಲ, ಅಂತ’ ಎನ್ನುತ್ತಿದ್ದರು. ಆಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.